ಏಳು ತಿಂಗಳಿಗೆ ಹುಟ್ಟಿದ ಕೂಸಿಗೆ ಕಣ್ಣಿನ ತಪಾಸಣೆ: ಅನುಭವ ಇದ್ದವ್ರು ಹೇಳ್ರಿ

ಇಳಕಲ್‌ನಿಂದ: ನನ್ನ ತಂಗಿಗೆ 31 ವಾರಕ್ಕ ಹೆರಿಗಿ ಆತು. ಕೂಸು ಹುಟ್ಟಿದಾಗ 1.3 ಕೆಜಿ, ಈಗ ಮೂರು ವಾರ ದಾಟೈತಿ, ಮನಿಗೆ ಕಳಿಸ್ಯಾರ. ಡಿಸ್ಚಾರ್ಜ್ ಚೀಟಿಯೊಳಗ 'ಆರ್‌ಓಪಿ ಸ್ಕ್ರೀನಿಂಗ್' ಅಂತ ಬರದಾರ, ದಿನ ತುಂಬದ ಕೂಸಿನ ಕಣ್ಣಿನ ಪರದೆಗೆ ಬರೂ ತೊಂದರಿ ನೋಡೂ ತಪಾಸಣಿ ಅಂತ. ಕೂಸು ಬೆಳಕಿನ ಕಡೆ ಚಲೋ ನೋಡತೈತಿ. ಅವಳ ಅತ್ತಿ, ಸವಾ ತಿಂಗಳ ಆಗೂತನಕ ಹೊಸ್ತಿಲ ದಾಟಸೂದು ಬ್ಯಾಡ ಅಂತಾರ. ತಡದ್ರ ನಡೀತೈತೇನು?

ಮುಧೋಳದಿಂದ: ನಡ್ಯಂಗಿಲ್ರಿ ಅಕ್ಕಾರ, ಈ ವಾರನ ಹೋಗ್ರಿ. 34 ವಾರದೊಳಗ ಹುಟ್ಟಿದ್ದು ಇಲ್ಲಾ 2 ಕೆಜಿಗಿಂತ ಕಡಿಮಿ ತೂಕದ್ದು ಇದ್ರ, ಹುಟ್ಟಿದ 30 ದಿನದೊಳಗ ಮೊದಲನೇ ತಪಾಸಣಿ ಆಗಬೇಕು. 28 ವಾರಕ್ಕಿಂತ ಮೊದಲ ಹುಟ್ಟಿದ್ದಕ್ಕ ಇನ್ನೂ ಲಗೂನ, ಎರಡ್ಮೂರು ವಾರಕ್ಕ. ಬೆಳಕ ನೋಡತೈತಿ ಅಂತ ಸಮಾಧಾನ ಮಾಡ್ಕೋಬ್ಯಾಡ್ರಿ. ತೊಂದರಿ ಇರೂದು ಕಣ್ಣಿನ ಹಿಂದಿನ ಪರದೆಯೊಳಗ (ರೆಟಿನಾ). ದಿನ ತುಂಬದ ಕೂಸಿಗೆ ಅಲ್ಲಿ ರಕ್ತನಾಳ ಅಂಚಿನ ತನಕ ಬೆಳದಿರೂದಿಲ್ಲ. ಆಮ್ಯಾಲ ಅಡ್ಡಾದಿಡ್ಡಿ ಬೆಳದು ಪರದಿನ್ನ ಎಳದ ಕಿತ್ತಿದ್ರ ದೃಷ್ಟಿನ ಹೋಗತೈತಿ.

ತಪಾಸಣಿ ಹೆಂಗಂದ್ರ, ಡ್ರಾಪ್ಸ್ ಹಾಕಿ ಕಣ್ಣಿನ ಪಾಪಿ ಅಗಲ ಮಾಡತಾರ, ರೆಪ್ಪಿ ಮುಚ್ಚದಂಗ ಸಣ್ಣ ತಂತಿ ಕ್ಲಿಪ್ ಇಟ್ಟು ನೋಡತಾರ. ಕೂಸು ಮೈಯೆಲ್ಲಾ ಕೆಂಪ ಮಾಡ್ಕೊಂಡ ಅಳತೈತಿ. ಬಾಣಂತಿಗೆ ಅದನ್ನ ನೋಡಾಕ ಆಗೂದಿಲ್ಲ, ಒಳಗ ನೀವ ಹೋಗ್ರಿ. ಡ್ರಾಪ್ಸ್ ಹಾಕಿದ ಮ್ಯಾಲ ಹಾಲ ಕುಡಿಸಬ್ಯಾಡ್ರಿ, ಹೊಟ್ಟಿ ತುಂಬಿದ್ರ ವಾಂತಿ ಮಾಡ್ಕೋತೈತಿ. ಅತ್ತಿಯವರಿಗೆ ಡಾಕ್ಟರ್ ಕಡೆಯಿಂದನ ಹೇಳಸ್ರಿ, ನಮ್ಮನ್ಯಾಗ ಹಂಗ ಮಾಡಿದ ಮ್ಯಾಲನ ಹಿರ್ಯಾರು ಒಪ್ಪಿದ್ರು.

ಬೆಳಗಾವಿಯಿಂದ, ಸ್ಟಾಫ್ ನರ್ಸ್: ಒಮ್ಮೆ ತೋರಿಸಿ ಬಿಡೋರೇ ಜಾಸ್ತಿ. "ಇನ್ನೂ ಬಲಿತಿಲ್ಲ, ಎರಡು ವಾರ ಬಿಟ್ಟು ಬರ್ರಿ" ಅಂದ್ರೆ ಅದು 'ನಾರ್ಮಲ್' ಅಂತಲ್ಲ. ಪರದೆ ಪೂರ್ತಿ ಬಲಿಯೋವರೆಗೂ ಬರಬೇಕು. ಬಹಳ ಮಕ್ಕಳಿಗೆ ತಾನಾಗೇ ಸರಿಹೋಗುತ್ತೆ. ಲೇಸರ್ ಅಥವಾ ಇಂಜೆಕ್ಷನ್ ಬೇಕು ಅಂದ್ರೆ ಮಾತ್ರ ಎರಡ್ಮೂರು ದಿನದೊಳಗೇ ಮಾಡಿಸಿ, ಹಬ್ಬ, ಅಮಾಸಿ ನೋಡ್ತಾ ಕೂಡಬೇಡಿ. ಇಂಜೆಕ್ಷನ್ ಆದವರು ಇನ್ನೂ ಹೆಚ್ಚು ದಿನ ತೋರಿಸ್ತಾ ಇರಬೇಕು, ಆಮೇಲೂ ಮರುಕಳಿಸಬಹುದು.

ವಿಜಯಪುರದಿಂದ: ಹೊಂಡೂಕಿಂತ ಮೊದಲ ಫೋನ್ ಮಾಡಿ, "ಆರ್‌ಓಪಿ ನೋಡೋ ರೆಟಿನಾ ಡಾಕ್ಟರ್ ಯಾವತ್ತ ಇರತಾರ" ಅಂತನ ಕೇಳ್ರಿ. ಎಲ್ಲಾ ಕಣ್ಣಿನ ಡಾಕ್ಟರೂ ಇದನ್ನ ನೋಡೂದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಾಗ ಶುರು ಮಾಡಿದ ಕಿಡ್‌ರಾಪ್ ಅಂತ ಯೋಜನಾ ಐತಿ. ಟೆಕ್ನಿಷಿಯನ್ ಕ್ಯಾಮೆರಾ ತಗೊಂಡು ಎನ್‌ಐಸಿಯುಗೇ (ಹಸಿಗೂಸುಗಳ ಐಸಿಯು) ಬಂದು ಫೋಟೋ ತೆಗೀತಾರ, ದೂರದಿಂದನ ಡಾಕ್ಟರ್ ನೋಡತಾರ. ನಿಮ್ಮ ಕಡೆ ಬರತಾರೇನು, ಹೆರಿಗಿ ಆದ ದವಾಖಾನಿಯೊಳಗ ವಿಚಾರಸ್ರಿ.

ನಮ್ಮ ಮಗಳಿಗೆ ಲೇಸರ್ ಆಗಿತ್ತು. ಈಗ ಸಾಲಿಗೆ ಹೋಗತಾಳ. ದಪ್ಪ ಚಸ್ಮಾ ಬಂದೈತಿ, ವರ್ಷಾ ನಂಬರ್ ತಪಾಸಣಿ ಮಾಡಸ್ತೀವಿ.