ಜರ್ಮನಿಯಲ್ಲಿ ಫಿಫ್ತ್ ವೀಲ್ ಕ್ಯಾರವಾನ್: ಎಳೆಯಲು ಯಾವ ವಾಹನ ಸೂಕ್ತ?

ಪ್ರಶ್ನೆ (ಸ್ಟುಟ್‌ಗಾರ್ಟ್ ಸಮೀಪದಿಂದ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ ಮತ್ತು ಇಬ್ಬರು ಮಕ್ಕಳು ಇಲ್ಲಿ ನೆಲೆಸಿ ಒಂಬತ್ತು ವರ್ಷಗಳಾದವು. ಬೇಸಿಗೆಯಲ್ಲಿ ಹಾಸನದಿಂದ ನನ್ನ ತಂದೆ ತಾಯಿ ಬಂದು ಎರಡು ಮೂರು ತಿಂಗಳು ನಮ್ಮೊಡನೆ ಇರುತ್ತಾರೆ. ತಾಯಿಯವರಿಗೆ ಹೋಟೆಲಿನ ಊಟ ಒಗ್ಗುವುದಿಲ್ಲ, ತಂದೆಯವರಿಗೆ ಮಂಡಿನೋವಿದೆ. ಆದ್ದರಿಂದ ಸರಿಯಾದ ಅಡುಗೆಮನೆ ಮತ್ತು ಶೌಚಾಲಯವಿರುವ ದೊಡ್ಡ ಕ್ಯಾರವಾನ್ (ವಾಹನದ ಹಿಂದೆ ಕಟ್ಟಿ ಎಳೆಯುವ ಮನೆ) ಕೊಂಡು ಎಲ್ಲರೂ ಒಟ್ಟಿಗೆ ಸುತ್ತಾಡಬೇಕೆಂಬ ಆಸೆ.

ಟ್ರೇಲರ್ ಲಾರಿಯಂತೆ ತನ್ನ ಮೂತಿಯನ್ನು ಪಿಕಪ್‌ನ ಹಿಂದಿನ ಬಾಡಿಯ ಮೇಲೆ ಊರಿ ನಿಲ್ಲುವ ಫಿಫ್ತ್ ವೀಲ್ ಮಾದರಿ ನನಗೆ ಬಹಳ ಹಿಡಿಸಿದೆ. ಎರಡು ಜಾಹೀರಾತುಗಳನ್ನು ಗುರುತಿಸಿಟ್ಟಿದ್ದೇನೆ: ಒಂದು ಬಳಸಿದ ಅಮೆರಿಕನ್ ಕ್ಯಾರವಾನ್, ಇನ್ನೊಂದು 3500 ಕೆಜಿ ಗರಿಷ್ಠ ತೂಕದ ಬ್ರಿಟಿಷ್ ನಿರ್ಮಿತ ಕ್ಯಾರವಾನ್. ಎಳೆಯಲು 3500 ಕೆಜಿ ಸಾಮರ್ಥ್ಯದ ಡಬಲ್ ಕ್ಯಾಬ್ (ಎರಡು ಸಾಲು ಆಸನಗಳ) ಪಿಕಪ್ ಸಾಕೆಂದು ಭಾವಿಸಿದ್ದೇನೆ. ನನ್ನ ಬಳಿ ಇರುವುದು ಬಿ ವರ್ಗದ, ಅಂದರೆ ಕಾರಿನ ಪರವಾನಗಿ ಮಾತ್ರ. ಭಾರತದ ಪರವಾನಗಿ ಇಲ್ಲಿ ಆರು ತಿಂಗಳಷ್ಟೇ ನಡೆದದ್ದರಿಂದ, ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಬರೆದು ಪಡೆದದ್ದು ಅದು. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮ್ಯೂನಿಕ್)

ಸರ್, ಮೊದಲು ಪರವಾನಗಿಯ ವಿಷಯ ಮುಗಿಸಿಬಿಡೋಣ. ಬಿ ವರ್ಗದಲ್ಲಿ 750 ಕೆಜಿಗಿಂತ ಭಾರವಾದ ಟ್ರೇಲರ್ ಎಳೆಯಬೇಕಾದರೆ ವಾಹನ ಮತ್ತು ಟ್ರೇಲರ್‌ಗಳ ಒಟ್ಟು ಅನುಮತಿತ ತೂಕ 3500 ಕೆಜಿ ಮೀರಬಾರದು. ಬಿ 96 ಎಂಬ ಹೆಚ್ಚುವರಿ ತರಬೇತಿ ಮಾಡಿಕೊಂಡರೆ ಆ ಮಿತಿ 4250 ಕೆಜಿಗೆ ಏರುತ್ತದೆ. ನಿಮ್ಮ ಲೆಕ್ಕಕ್ಕೆ ಇವೆರಡೂ ಸಾಲವು, ಭಾರದ ಟ್ರೇಲರ್‌ಗಾಗಿ ಇರುವ ಬಿಇ ಪರವಾನಗಿ ಬೇಕೇ ಬೇಕು. ಜರ್ಮನಿಯಲ್ಲಿ ಅದಕ್ಕೆ ಲಿಖಿತ ಪರೀಕ್ಷೆಯಿಲ್ಲ, ಆದರೆ ಊರಾಚೆ ಮೂರು, ಆಟೋಬಾನ್ ಹೆದ್ದಾರಿಯಲ್ಲಿ ಒಂದು, ಕತ್ತಲಲ್ಲಿ ಒಂದು ಎಂದು ಐದು ಕಡ್ಡಾಯ ತರಬೇತಿ ಓಡಾಟಗಳಿವೆ, ನಂತರ ಪ್ರಾಯೋಗಿಕ ಪರೀಕ್ಷೆ.

ನಿಜವಾದ ತೊಡಕಿರುವುದು ಬೇರೆಡೆ. ಪಿಕಪ್‌ನ ಜಾಹೀರಾತಿನಲ್ಲಿ ಕಾಣುವ 3500 ಕೆಜಿ ಎಂಬುದು ಅದು ಹಿಂದಿನಿಂದ ಎಳೆಯಬಲ್ಲ ತೂಕವೇ ಹೊರತು ಬೆನ್ನ ಮೇಲೆ ಹೊರಬಲ್ಲ ತೂಕವಲ್ಲ. ನಮ್ಮ ಊರಿನ ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ಮುಂದಕ್ಕೆ ಹೇರಿದರೆ ಮೂಕಿಯ ಭಾರವೆಲ್ಲ ಎತ್ತುಗಳ ಹೆಗಲಿಗೆ ಬರುವಂತೆ, ಫಿಫ್ತ್ ವೀಲ್‌ನ ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 25ರಷ್ಟು ಕಿಂಗ್‌ಪಿನ್ (ಮೂತಿಯಡಿಯ ಕೂಡುವ ಗೂಟ) ಮೂಲಕ ಪಿಕಪ್‌ನ ಹಿಂದಿನ ಆ್ಯಕ್ಸಲ್ (ಚಕ್ರಗಳ ಅಚ್ಚು) ಮೇಲೆ ಕೂರುತ್ತದೆ. ಸಾಧಾರಣ ಕ್ಯಾರವಾನ್ ಹಿಚ್ (ಎಳೆಯುವ ವಾಹನದ ಕೊಂಡಿ) ಮೇಲೆ ಹೇರುವ ಭಾರ 100 ಕೆಜಿಯ ಆಸುಪಾಸು. ಇಲ್ಲಿ 3500 ಕೆಜಿಗೆ ಶೇಕಡಾ 20 ಎಂದರೂ 700 ಕೆಜಿ.

ಪಿಕಪ್‌ನ ನೋಂದಣಿ ಪತ್ರವನ್ನು ಕೈಗೆತ್ತಿಕೊಳ್ಳಿ. ಎಫ್.2 ಎಂಬಲ್ಲಿ ಅನುಮತಿತ ಒಟ್ಟು ತೂಕ, ಜಿ ಎಂಬಲ್ಲಿ ಚಾಲಕನೂ ಸೇರಿದ ಖಾಲಿ ತೂಕ, ಓ.1 ಎಂಬಲ್ಲಿ ಬ್ರೇಕ್ ಇರುವ ಟ್ರೇಲರ್‌ನ ಮಿತಿ, 8.2 ಎಂಬಲ್ಲಿ ಹಿಂದಿನ ಆ್ಯಕ್ಸಲ್‌ನ ಮಿತಿ ಇರುತ್ತದೆ. ಉದಾಹರಣೆಗೆ ಎಫ್.2ರಲ್ಲಿ 3200, ಜಿಯಲ್ಲಿ 2250 ಇದ್ದರೆ ಉಳಿಯುವುದು 950 ಕೆಜಿ. ಹಿಚ್ ಮತ್ತು ಅದರ ಚೌಕಟ್ಟಿಗೆ 120, ಪತ್ನಿ ಮಕ್ಕಳಿಗೆ 140, ಚಿಲ್ಲರೆ ಸಾಮಾನಿಗೆ 60 ಕಳೆದರೆ 630. ಕಿಂಗ್‌ಪಿನ್ ಕೇಳುತ್ತಿರುವುದು 700. ತಂದೆ ತಾಯಿಯವರನ್ನು ಇನ್ನೂ ಹತ್ತಿಸಿಕೊಂಡೇ ಇಲ್ಲ!

ಹತ್ತಿಸಿಕೊಳ್ಳುವಂತೆಯೂ ಇಲ್ಲ. ಡಬಲ್ ಕ್ಯಾಬ್‌ನಲ್ಲಿ ಆಸನಗಳು ಐದು, ನೀವು ಆರು ಜನ. ಓಡುತ್ತಿರುವ ಕ್ಯಾರವಾನ್ ಒಳಗೆ ಯಾರನ್ನೂ ಕೂರಿಸುವುದು ಜರ್ಮನಿಯಲ್ಲಿ ನಿಷಿದ್ಧ.

ಉತ್ತರ 2 (ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್)

ಮೇಲಿನವರು ತೂಕದ ಬಗ್ಗೆ ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು ಎರಡು ವರ್ಷ ಫಿಫ್ತ್ ವೀಲ್ ಎಳೆದು ಆಮೇಲೆ ಮಾರಿದವನು. ಅದರ ಓಟದ ಸೊಗಸನ್ನು ಮೊದಲು ಹೇಳದಿದ್ದರೆ ಅನ್ಯಾಯವಾದೀತು. ಕೂಡುವ ಬಿಂದು ಹಿಂದಿನ ಆ್ಯಕ್ಸಲ್‌ನ ಮೇಲೆಯೇ ಇರುವುದರಿಂದ, ಪಕ್ಕದಲ್ಲಿ ಲಾರಿ ಹಾದುಹೋದರೂ ಸಾಮಾನ್ಯ ಕ್ಯಾರವಾನ್‌ನಂತೆ ಬಾಲ ಅಲ್ಲಾಡುವುದಿಲ್ಲ. ಆದರೆ ತಿರುವಿನಲ್ಲಿ ಅದರ ಚಕ್ರಗಳು ಒಳಮೂಲೆಯನ್ನು ಬಹಳ ಕತ್ತರಿಸುತ್ತವೆ.

ಡಬಲ್ ಕ್ಯಾಬ್‌ನ ಬಾಡಿ ಸುಮಾರು ಒಂದೂವರೆ ಮೀಟರ್ ಉದ್ದವಷ್ಟೇ. ಮೊಸೆಲ್ ನದಿಯ ದಡದ ಒಂದು ಕ್ಯಾಂಪಿಂಗ್ ಮೈದಾನದಲ್ಲಿ ಹಿಮ್ಮುಖವಾಗಿ ತಿರುಗಿಸುತ್ತಿದ್ದಾಗ ಕ್ಯಾರವಾನ್‌ನ ಮೂತಿಯ ಮೂಲೆ ಬಂದು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಒತ್ತಿತು. ಟಕ್ ಎಂದು ಒಂದು ಸದ್ದು, ಆಮೇಲೆ ಜೇಡರ ಬಲೆಯಂತೆ ಗೆರೆಗಳು. ಹಿಂದಿನ ಸೀಟಿನಲ್ಲಿದ್ದ ಮಗಳ ಮಡಿಲಲ್ಲಿದ್ದ ಚಿತ್ರಾನ್ನದ ಡಬ್ಬಿಯೊಳಗೆ ಗಾಜಿನ ಚೂರು. ತಪ್ಪು ನನ್ನದೇ. ಹಿಂದಕ್ಕೆ ಸರಿಯಬಲ್ಲ ಹಿಚ್ ಹಾಕಿಸದೆ ಹಣ ಉಳಿಸಲು ಹೋಗಿದ್ದೆ.

ಅಮೆರಿಕನ್ ಕ್ಯಾರವಾನ್ ಬೇಡವೆಂದೇ ನನ್ನ ಸಲಹೆ. ಅವುಗಳಲ್ಲಿ ಹಲವು 102 ಇಂಚು, ಅಂದರೆ 2.59 ಮೀಟರ್ ಅಗಲ. ಯುರೋಪಿನ ಮಿತಿ 2.55 ಮೀಟರ್. ವಿದ್ಯುತ್ತು 120 ವೋಲ್ಟ್, ಇಲ್ಲಿನದು 230. ಇನ್ನೂ ಮುಖ್ಯವಾದದ್ದು ಬ್ರೇಕ್. ಸಾಮಾನ್ಯ ಕ್ಯಾರವಾನ್‌ಗಳಲ್ಲಿ, ಮುಂದಿನ ವಾಹನ ನಿಧಾನಿಸಿದಾಗ ಹಿಂದಿನದು ತಳ್ಳುವ ಬಲದಿಂದಲೇ ಹಿಡಿಯುವ ಬ್ರೇಕ್ ಇರುತ್ತದೆ; ಸೆಮಿ ಟ್ರೇಲರ್ (ಮುಂಭಾಗವನ್ನು ಎಳೆಯುವ ವಾಹನದ ಮೇಲೆ ಊರುವ ಟ್ರೇಲರ್) ಎಂದು ಪರಿಗಣಿತವಾಗುವ ಫಿಫ್ತ್ ವೀಲ್‌ಗೆ, ಆರ್13 ಎಂಬ ಬ್ರೇಕ್ ನಿಯಮಾವಳಿ ಅದನ್ನು ಒಪ್ಪುವುದಿಲ್ಲ. ಚಾಲಕನ ಪೆಡಲಿಗೆ ಸ್ಪಂದಿಸುವ ಗಾಳಿಯ ಬ್ರೇಕ್ ಅಥವಾ ಆ ನಿಯಮಕ್ಕೆ ಹೊಂದುವ ವಿದ್ಯುತ್ ಬ್ರೇಕ್ ಇರಬೇಕು, ಅದಕ್ಕೆ ತಕ್ಕ ಸಲಕರಣೆ ಎಳೆಯುವ ವಾಹನದಲ್ಲೂ ಇರಬೇಕು. ಮುಂಗಡ ಕೊಡುವ ಮೊದಲು ಕಾಗದಗಳನ್ನು ಹಿಡಿದು ನಿಮ್ಮೂರಿನ ವಾಹನ ತಪಾಸಣಾ ಕೇಂದ್ರದ ಎಂಜಿನಿಯರರನ್ನು ಕಾಣಿರಿ.

ನಮ್ಮಲ್ಲಿ ಇವೆಕೋ ಡೈಲಿಯಂತಹ ಸಣ್ಣ ಲಾರಿಗೆ ಪುಟ್ಟ ಸೆಮಿ ಟ್ರೇಲರ್ ಕೂಡಿಸಿ ಬಿಇ ಪರವಾನಗಿಯಲ್ಲಿ ಸರಕು ಸಾಗಿಸುವುದು ದಿನನಿತ್ಯದ ನೋಟ. ಎರಡು ಸಾಲು ಆಸನಗಳ ಡೈಲಿಯಲ್ಲಿ ನಿಮ್ಮ ಆರು ಜನರಿಗೂ ಸ್ಥಳವಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆಸನಗಳನ್ನು ಎಣಿಸದೇ ಇದ್ದದ್ದಕ್ಕೆ ಪತ್ನಿ ನಿನ್ನೆಯಿಂದ ನಗುತ್ತಿದ್ದಾರೆ. ಅಮೆರಿಕನ್ ಕ್ಯಾರವಾನ್ ಕೈಬಿಟ್ಟಿದ್ದೇನೆ. ಡೈಲಿಯ ಮಾತು ಕೇಳಿ ಮತ್ತೆ ಆಸೆ ಚಿಗುರಿದೆ.

ಉತ್ತರ 3 (ಬರ್ಮಿಂಗ್‌ಹ್ಯಾಮ್)

ಬ್ರಿಟಿಷ್ ಕ್ಯಾರವಾನ್ ಬಗ್ಗೆ ಎರಡು ಮಾತು. ಇಲ್ಲಿ 2021ರ ಡಿಸೆಂಬರ್ 16ರಿಂದ ಕಾರಿನ ಪರವಾನಗಿಯಲ್ಲೇ 3500 ಕೆಜಿವರೆಗಿನ ಟ್ರೇಲರ್ ಎಳೆಯಬಹುದಾದ್ದರಿಂದ ಮಾರುವವರು ಅದು ಸುಲಭವೆಂಬಂತೆ ಮಾತನಾಡುತ್ತಾರೆ. ಆ ಸಡಿಲಿಕೆ ಜರ್ಮನಿಯ ಪರವಾನಗಿಗೆ ಅನ್ವಯಿಸುವುದಿಲ್ಲ. ಎರಡನೆಯದಾಗಿ, ಇಲ್ಲಿನ ಕ್ಯಾರವಾನ್‌ಗಳ ಬಾಗಿಲು ಸಾಮಾನ್ಯವಾಗಿ ಎಡಕ್ಕೆ. ಬಲಬದಿಯಲ್ಲಿ ವಾಹನ ಓಡಿಸುವ ನಿಮ್ಮಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದರೆ ನಿಮ್ಮ ತಾಯಿಯವರು ವಾಹನಗಳು ನುಗ್ಗುವ ಕಡೆಗೇ ಇಳಿಯಬೇಕಾಗುತ್ತದೆ. ಜರ್ಮನಿಗೆ ತರುವಾಗ ಶೇಕಡಾ 19ರ ಆಮದು ತೆರಿಗೆಯನ್ನೂ ಬೆಲೆಗೆ ಕೂಡಿಸಿಕೊಳ್ಳಿ.

ಉತ್ತರ 1 (ಮ್ಯೂನಿಕ್)

ಡೈಲಿಯ ಲೆಕ್ಕವನ್ನೂ ಮಾಡಿಬಿಡೋಣ. ಬಿಇ ಪರವಾನಗಿಯಲ್ಲಿ ಎಳೆಯುವ ವಾಹನದ ಅನುಮತಿತ ತೂಕವೂ 3500 ಕೆಜಿ ಮೀರಬಾರದು. ಎರಡು ಸಾಲು ಆಸನ, ಹಿಚ್, ಗಾಳಿಯ ಕಂಪ್ರೆಸರ್ ಎಲ್ಲ ಸೇರಿ ವಾಹನವೇ 2500 ಕೆಜಿ ಆಯಿತೆಂದುಕೊಳ್ಳಿ. ಉಳಿದ 1000 ಕೆಜಿಯಲ್ಲಿ ಕಿಂಗ್‌ಪಿನ್‌ಗೆ 700, ಚಾಲಕನನ್ನು ಬಿಟ್ಟು ಐವರಿಗೆ 300 ಹೋದರೆ ನೀರಿನ ಬಾಟಲಿಗೂ ಜಾಗವಿಲ್ಲ. ಇನ್ನೂ ಭಾರದ ಡೈಲಿ ಕೊಂಡರೆ ಸಿ1ಇ ಪರವಾನಗಿ ಬೇಕು. ಅದಕ್ಕೆ ವೈದ್ಯಕೀಯ ಮತ್ತು ಕಣ್ಣಿನ ಪರೀಕ್ಷೆ, ಐದು ವರ್ಷಕ್ಕೊಮ್ಮೆ ನವೀಕರಣ. ವರ್ಷಕ್ಕೆ ಮೂರು ತಿಂಗಳ ಸುತ್ತಾಟಕ್ಕೆ ಇಷ್ಟೆಲ್ಲ ತಾಪತ್ರಯ ಬೇಕೇ ಎಂಬುದು ನನ್ನ ಅನುಮಾನ.

ಇನ್ನೊಂದು ಸಂಗತಿ ಎಲ್ಲರ ಕಣ್ಣು ತಪ್ಪಿದೆ. ಫಿಫ್ತ್ ವೀಲ್‌ನಲ್ಲಿ ದೊಡ್ಡ ಮಲಗುವ ಕೋಣೆ ಬಹುತೇಕ ಆ ಎತ್ತರದ ಮೂತಿಯಲ್ಲೇ ಇರುವುದು. ಮಂಡಿನೋವಿರುವವರು ರಾತ್ರಿ ಶೌಚಕ್ಕೆಂದು ಕತ್ತಲಲ್ಲಿ ಎರಡು ಮೂರು ಮೆಟ್ಟಿಲು ಇಳಿದು ಹತ್ತಬೇಕು. ನೆಲ ಒಂದೇ ಮಟ್ಟದಲ್ಲಿರುವ, 2200 ಕೆಜಿ ಆಸುಪಾಸಿನ ಎರಡು ಆ್ಯಕ್ಸಲ್‌ನ ಸಾಮಾನ್ಯ ಕ್ಯಾರವಾನ್, ಅದನ್ನೆಳೆಯಲು ಫೋಕ್ಸ್‌ವ್ಯಾಗನ್ ಟಿ6.1ರಂತಹ ಆರೇಳು ಆಸನಗಳ ವ್ಯಾನ್: ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಆ ವ್ಯಾನಿನ ಕೆಲವು ಮಾದರಿಗಳು 2500 ಕೆಜಿ ಎಳೆಯುತ್ತವೆ, ಎಲ್ಲವೂ ಅಲ್ಲ, ಓ.1 ನೋಡಿಯೇ ಕೊಳ್ಳಿ. ಇದಕ್ಕೂ ಬಿಇ ಬೇಕು.

ಪ್ರಶ್ನೆ ಕೇಳಿದವರು

ಮೆಟ್ಟಿಲಿನ ಮಾತು ನನ್ನನ್ನು ನಿಲ್ಲಿಸಿತು. ಬಿಇ ತರಬೇತಿಗೆ ಇಂದು ಹೆಸರು ಬರೆಸಿ ಬಂದೆ. ಕ್ಯಾರವಾನ್ ಮಾತ್ರ ತಂದೆಯವರು ಬರುವವರೆಗೆ ಕೊಳ್ಳುವುದಿಲ್ಲ. ಅವರನ್ನೇ ಮಳಿಗೆಗೆ ಕರೆದೊಯ್ದು, ಹಾಸಿಗೆಯಿಂದ ಶೌಚಾಲಯಕ್ಕೆ ಎರಡು ಸಲ ನಡೆಸಿ ನೋಡಿದ ಮೇಲೆಯೇ ಮುಂಗಡ.