ಅರ್ಧ ಕಿಲೋ ಕಲ್ಲು, ಒಂದೂವರೆ ಇಂಚು ಬೆಲ್ಟು

ಶೆಟ್ಟರಿಗೆ ರಿವಾಲ್ವರ್ ಲೈಸೆನ್ಸು ಸಿಕ್ಕಿದ ದಿನ ನಾವು ಮೂವರೂ ಸಂತೋಷಪಟ್ಟೆವು. ರಿವಾಲ್ವರ್ ಕೊಂಡ ದಿನ ಸ್ವಲ್ಪ ಹೆದರಿದೆವು. ಅದನ್ನು ಸಿಕ್ಕಿಸಿಕೊಳ್ಳಲು ಅವರು ಬೆಲ್ಟು ಹುಡುಕತೊಡಗಿದ ಮೇಲೆ ನಮ್ಮ ಭಾನುವಾರಗಳೇ ಅದಕ್ಕೆ ಮೀಸಲಾಗಿ ಹೋದವು.

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು, ಆಮೇಲೆ ಗಾಂಧಿ ಬಜಾರಿನಲ್ಲಿ ದೋಸೆ, ನಾಲ್ವರಿಗೆ ಎರಡು ಬೈಟು ಕಾಫಿ. ಇದು ನಮ್ಮ ಪದ್ಧತಿ. ಶೆಟ್ಟರದು ಯಶವಂತಪುರದಲ್ಲಿ ಸಗಟು ಬೇಳೆ ವ್ಯಾಪಾರ. ರಾತ್ರಿ ದುಡ್ಡಿನ ಚೀಲ ಹಿಡಿದು ಮನೆಗೆ ಹೋಗುವವರು. ಮೇಜರ್ ಕೊಡಗಿನವರು, ಸೈನ್ಯದಿಂದ ನಿವೃತ್ತರು. ಬಾಷಾ ಭಾಯಿಯದು ಶಿವಾಜಿನಗರದಲ್ಲಿ ಮೂರು ತಲೆಮಾರಿನಿಂದ ಚರ್ಮದ ಕೆಲಸ. ಇನ್ನು ನಾನು, ಬ್ಯಾಂಕಿನಲ್ಲಿ ಊರಿನವರ ದುಡ್ಡು ಎಣಿಸಿ ನಿವೃತ್ತನಾದವನು. ಬಂದೂಕಿನೊಂದಿಗೆ ನನ್ನ ಪರಿಚಯವೆಂದರೆ, ಬಾಗಿಲ ಬಳಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ನಮ್ಮ ಗಾರ್ಡಿನ ತೊಡೆಯ ಮೇಲಿದ್ದ ಜೋಡುನಳಿಗೆಯೊಂದೇ.

ಶೆಟ್ಟರು ಕೊಂಡದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ‘ನಿರ್ಭೀಕ್’. 2014ರಲ್ಲಿ ಬಂದ ಆರು ಗುಂಡಿನ, .32 ಬೋರಿನ ಹಗುರ ರಿವಾಲ್ವರ್. ತೂಕ 500 ಗ್ರಾಂ. ಮೊದಲು ಮಾರಾಟಕ್ಕೆ ಬಂದಾಗಲೇ ಅದರ ಬೆಲೆ 1.22 ಲಕ್ಷ ರೂಪಾಯಿ. ಅಷ್ಟು ಸುರಿದ ಮಹಾನುಭಾವರು ಅದನ್ನು ಹೊರಬೇಕಾದ ಬೆಲ್ಟನ್ನು ಮಾತ್ರ ರಸ್ತೆ ಬದಿಯಲ್ಲಿ ಮುನ್ನೂರು ಹೇಳಿದ್ದನ್ನು ನೂರೈವತ್ತಕ್ಕೆ ಇಳಿಸಿ ತಂದಿದ್ದರು. ಇಳಿಸಿದ್ದೇ ದೊಡ್ಡ ಸಾಧನೆ ಎಂಬಂತೆ ನಮಗೆ ತೋರಿಸಿದರು.

“ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಿರಿ” ಎಂದರು ಮೇಜರ್.

“ಬೆಲ್ಟು ಇರುವುದು ಪ್ಯಾಂಟು ಬೀಳದಿರಲಿ ಎಂದು ತಾನೇ?”

“ನಿಮ್ಮ ಹೊಟ್ಟೆಯ ಕೆಳಗೆ ಪ್ಯಾಂಟನ್ನು ನಿಲ್ಲಿಸುವುದೇ ಅದಕ್ಕೆ ಹೆಚ್ಚಿನ ಕೆಲಸ. ಈಗ ಒಂದೇ ಮಗ್ಗುಲಿಗೆ ಅರ್ಧ ಕಿಲೋ ಬೇರೆ ನೇತುಹಾಕುತ್ತೀರಿ.”

“ಅರ್ಧ ಕಿಲೋ ಏನು ಮಹಾ! ಮೂವತ್ತು ವರ್ಷ ತಕ್ಕಡಿ ಹಿಡಿದವನು ನಾನು.”

“ಹಾಗಾದರೆ ತೂಗಿಯೇ ನೋಡೋಣ. ಮುಂದಿನ ವಾರ ರಿವಾಲ್ವರನ್ನು ಮನೆಯಲ್ಲೇ ಬೀಗ ಹಾಕಿಡಿ. ಅಂಗಡಿಯಿಂದ ಅರ್ಧ ಕಿಲೋದ ಕಲ್ಲು ತನ್ನಿ.”

ಕಲ್ಲು ಎಂದರೆ ತೂಕದ ಕಲ್ಲು, ಆರು ಮೂಲೆಯ ಕಬ್ಬಿಣದ್ದು. ಮರುವಾರ ಶೆಟ್ಟರು ಅದನ್ನು ಕರವಸ್ತ್ರದಲ್ಲಿ ಸುತ್ತಿ, ರಿವಾಲ್ವರಿನ ಒರೆಯಾದ ಹೋಲ್‌ಸ್ಟರಿಗೆ ತುರುಕಿ, ಬಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೆ ಅಂಗಿ ಇಳಿಬಿಟ್ಟು ಬಂದರು. ಗಾಜಿನ ಮನೆಯವರೆಗೆ ಮಹಾರಾಜರ ನಡಿಗೆ. ಅಲ್ಲಿಂದ ಮುಂದೆ ಬೆಲ್ಟು ಬಲಗಡೆ ಜೋತು ಬಿತ್ತು. ಹೋಲ್‌ಸ್ಟರಿನ ತಲೆ ಸೊಂಟದಿಂದ ಹೊರಕ್ಕೆ ವಾಲಿ, ಅಂಗಿಯನ್ನು ಡೇರೆಯಂತೆ ಎತ್ತಿ ಹಿಡಿಯಿತು. ಮುನ್ನೂರು ಕೋಟಿ ವರ್ಷಗಳಿಂದ ಅಲುಗಾಡದ ಲಾಲ್‌ಬಾಗಿನ ಬಂಡೆಯನ್ನು ಹತ್ತುವಾಗ ಶೆಟ್ಟರ ಪ್ಯಾಂಟು ಇಳಿಯುವ ನಿರ್ಧಾರಕ್ಕೆ ಬಂದಿತ್ತು. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ಅವರು ನಿಂತೇ ಬಿಟ್ಟರು.

ವಾಕಿಂಗಿಗೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಕನಿಕರದಿಂದ, “ಏನಾಯಿತಪ್ಪಾ, ನೋವೇ?” ಎಂದು ಕೇಳಿದರು.

ಶೆಟ್ಟರು ಏದುಸಿರಿನ ನಡುವೆ ಸತ್ಯವನ್ನೇ ಹೇಳಿದರು. “ಕಲ್ಲು, ಅಮ್ಮಾ. ಅರ್ಧ ಕಿಲೋ.”

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಾಳೆದಿಂಡಿನ ರಸ ಕುಡಿಯಬೇಕೆಂದು ಹೇಳಿ, ಉಪ್ಪು ಬೆರೆಸಬಾರದೆಂದು ಎರಡು ಸಲ ಎಚ್ಚರಿಸಿ ಹೋದರು.

ಹೋಟೆಲಿನಲ್ಲಿ ಕುಳಿತ ಮೇಲೆ ಬಾಷಾ ಭಾಯಿ, “ಬಿಚ್ಚಿ ಕೊಡಿ” ಎಂದು ಕೈಚಾಚಿದರು. ಶೆಟ್ಟರು ಕುಳಿತೇ ಇರುವುದಾಗಿ ಮಾತು ಕೊಟ್ಟು ಬೆಲ್ಟು ಬಿಚ್ಚಿದರು. ಬಾಷಾ ಅದನ್ನು ಹಿಮ್ಮುಖವಾಗಿ ಮಡಚಿದ್ದೇ ತಡ, ಮೇಲಿನ ಕಪ್ಪು ಬಣ್ಣ ಹಪ್ಪಳದಂತೆ ಸಿಡಿಯಿತು. ಅಂಚನ್ನು ಉಗುರಿನಿಂದ ಕೆರೆದಾಗ ಬೂದು ಹಿಟ್ಟು ಉದುರಿತು.

“ಇದರಲ್ಲಿ ಚರ್ಮ ಇದೆ, ಶೆಟ್ಟರೇ. ಇಲ್ಲವೆಂದು ಹೇಳಲಾರೆ. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಪುಡಿ ಮಾಡಿ, ಅಂಟು ಹಾಕಿ ಹಾಳೆ ಮಾಡುತ್ತಾರೆ. ಮೇಲೊಂದು ಪ್ಲಾಸ್ಟಿಕ್ ಲೇಪ. ಇದು ಚರ್ಮದ ಉಪ್ಪಿಟ್ಟು.”

“ಅಸಲಿ ಚರ್ಮ ಎಂದು ಮುದ್ರೆ ಇದೆಯಲ್ಲ?”

“ಅಸಲಿ ಎನ್ನುತ್ತಾರೆ, ಯಾವ ಪದರದ್ದು ಎನ್ನುವುದಿಲ್ಲ. ತೊಗಲಿನ ಮೇಲ್ಪದರದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಕೆಳಗೆ ಹೋದಂತೆ ಸಡಿಲ. ಸೀಳಿದ ಕೆಳಪದರಕ್ಕೆ ಬಣ್ಣ ಬಳಿದರೂ ಅದು ಅಸಲಿಯೇ, ಆದರೆ ಆರು ತಿಂಗಳಲ್ಲಿ ಹಿಗ್ಗಿ ಹಗ್ಗವಾಗುತ್ತದೆ.”

ನಾನು ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ನನ್ನ ಬೆಲ್ಟಿನ ತುದಿಯನ್ನು ಮಡಚಿ ನೋಡಿಕೊಂಡೆ. ಉಪ್ಪಿಟ್ಟೇ.

ಚರ್ಮದ ಮಾತು ಬಂದರೆ ಬಾಷಾ ಭಾಯಿಗೆ ಕಾಫಿ ಆರುವುದೂ ತಿಳಿಯುವುದಿಲ್ಲ. ಹಿಂದೆಲ್ಲ ನಮ್ಮ ಕಡೆ ಆವರಿಕೆ ಗಿಡದ ತೊಗಟೆಯಲ್ಲಿ ತೊಗಲನ್ನು ನೆನೆಹಾಕಿ ಹದ ಮಾಡಿ, ಅಳಲೆಕಾಯಿಯಲ್ಲಿ ಮುಗಿಸುತ್ತಿದ್ದರಂತೆ. ಹಾಗೆ ತೊಗಟೆಯ ಒಗರು ಕುಡಿದ ಚರ್ಮ ಗಟ್ಟಿಯಾಗಿ ನಿಲ್ಲುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಮೆತ್ತಗೆ ಬಳುಕುತ್ತದೆ, ಕೈಚೀಲಕ್ಕೂ ಬೂಟಿನ ಮೇಲ್ಭಾಗಕ್ಕೂ ಚೆನ್ನ. ಆಯುಧ ಹೊರುವ ಬೆಲ್ಟಿಗೆ ಗಟ್ಟಿ ಚರ್ಮದ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಎರಡೂ ಅಂಚಿಗೆ ಹೊಲಿಗೆ ಹಾಕಬೇಕು. ಒಟ್ಟು ದಪ್ಪ ಐದು ಮಿಲಿಮೀಟರಿಗೆ ಹತ್ತಿರ. ಕೆಲವರು ನಡುವೆ ತೆಳು ಉಕ್ಕಿನ ಪಟ್ಟಿಯನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನೋ ಇಡುತ್ತಾರೆ.

“ಉಕ್ಕು ಬೇಡ” ಎಂದರು ಶೆಟ್ಟರು. “ಮಾಲ್‌ಗೆ ಹೋದಾಗ ಬಾಗಿಲಲ್ಲಿ ಕೂಗಿಕೊಂಡರೆ ಹೆಂಡತಿಗೆ ಅವಮಾನ.” ರಿವಾಲ್ವರ್ ಕೂಗುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಸ್ನೇಹ ಎಂದರೆ ಅಷ್ಟಾದರೂ ಇರಬೇಕು.

ಮೇಜರ್ ಹೇಳಿದ್ದು ಅಗಲದ ಬಗ್ಗೆ. ಕಚೇರಿಗೆ ಕಟ್ಟುವ ಬೆಲ್ಟು ಸಾಮಾನ್ಯವಾಗಿ ಒಂದೂಕಾಲು ಇಂಚು. ಆಯುಧಕ್ಕೆ ಒಂದೂವರೆ ಇಂಚಾದರೂ ಬೇಕು. ಹೋಲ್‌ಸ್ಟರಿನ ಕುಣಿಕೆಯೂ ಅದೇ ಅಳತೆಯದ್ದಾಗಿರಬೇಕು. ಕುಣಿಕೆ ದೊಡ್ಡದಾಗಿ ಬೆಲ್ಟು ಸಣ್ಣದಾದರೆ ಹೋಲ್‌ಸ್ಟರ್ ತೊಟ್ಟಿಲಾಡುತ್ತದೆ. ಆಯುಧವನ್ನು ಸೆಳೆದಾಗ ಒರೆಯೂ ಜೊತೆಗೇ ಎದ್ದು ಬರುತ್ತದೆ.

“ಆಗ ಕಳ್ಳನಿಗೆ ಒರೆಸಮೇತ ಒಪ್ಪಿಸಬಹುದು” ಎಂದೆ.

“ನಗಬೇಡಿ ರಾಯರೇ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೇ ಇದೆ. ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವನ ಹಿಡಿತದಲ್ಲಿರಬೇಕು. ಬೆಳಿಗ್ಗೆ ಬಂಡೆಯ ಮೇಲೆ ಇವರ ಹಿಡಿತದಲ್ಲಿ ಪ್ಯಾಂಟೂ ಇರಲಿಲ್ಲ.”

ಶೆಟ್ಟರಿಗೆ ಹೊಸ ಯೋಚನೆ ಹೊಳೆಯಿತು. ಪೊಲೀಸ್ ಅಧಿಕಾರಿಗಳಂತೆ ಹೆಗಲ ಮೇಲಿಂದ ಅಡ್ಡ ಪಟ್ಟಿ ಹಾಕಿಕೊಂಡರೆ? ಮೇಜರ್ ಅದರ ಕಥೆಯನ್ನೇ ಬಿಚ್ಚಿದರು. ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1858ರಲ್ಲಿ ಉತ್ತರ ಭಾರತದ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಆಗಿನ ಖಡ್ಗದ ಒರೆಯನ್ನು ಎಡಗೈಯಲ್ಲಿ ಹಿಡಿಯದಿದ್ದರೆ ಸೆಳೆಯುವುದು ಕಷ್ಟ. ಕೈಯಿಲ್ಲದವನು ಒರೆಯನ್ನು ಬೆಲ್ಟಿಗೇ ಬಿಗಿದು, ಭಾರ ಹೊರಲು ಹೆಗಲಿಗೆ ಒಂದು ಪಟ್ಟಿ ಎಳೆದ. ಇಂದಿಗೂ ಆ ಬೆಲ್ಟಿಗೆ ಅವನದೇ ಹೆಸರು.

“ನೀವು ಬೇಳೆ ಮಂಡಿಗೆ ಅದನ್ನು ಹಾಕಿಕೊಂಡು ಹೋದರೆ ಹಮಾಲರು ಸೆಲ್ಯೂಟ್ ಹೊಡೆದು ಕೂಲಿ ಹೆಚ್ಚಿಸಲು ಕೇಳುತ್ತಾರೆ” ಎಂದೂ ಸೇರಿಸಿದರು. ಆ ಯೋಚನೆ ಅಲ್ಲಿಗೇ ನಿಂತಿತು.

ನನಗೆ ಕೇಳಿದರೆ ಮೇಜರ್ ಮನೆಯ ಮದುವೆಯಲ್ಲಿ ಕಂಡ ಏರ್ಪಾಡೇ ಸರಿ. ಕೊಡವರ ನಿಲುವಂಗಿ ಕುಪ್ಯದ ಮೇಲೆ, ಚೇಲೆ ಎಂಬ ಕೆಂಪು ರೇಷ್ಮೆಯ ನಡುಪಟ್ಟಿಯನ್ನು ಸುತ್ತುಸುತ್ತಾಗಿ ಬಿಗಿದು, ಪೀಚೆಕತ್ತಿ ಎಂಬ ಕಿರುಗತ್ತಿಯನ್ನು ಸಿಕ್ಕಿಸಿರುತ್ತಾರೆ. ಕುಣಿದರೂ ಕದಲುವುದಿಲ್ಲ. ರಹಸ್ಯ ಇಷ್ಟೇ, ಅಗಲವಾದದ್ದು ಭಾರವನ್ನು ಹಂಚುತ್ತದೆ, ಬಿಗಿಯಾದದ್ದು ಜಾರುವುದಿಲ್ಲ. ಆದರೆ ರೇಷ್ಮೆ ಸುತ್ತಿಕೊಂಡು ಯಶವಂತಪುರಕ್ಕೆ ಹೋಗಲಾಗುತ್ತದೆಯೇ?

ಉಳಿದದ್ದು ಅಳತೆ. ಇದೇ ಎಲ್ಲಕ್ಕಿಂತ ಸೂಕ್ಷ್ಮದ ವಿಷಯ. “ಮೂವತ್ತಾರು” ಎಂದರು ಶೆಟ್ಟರು, ಮದುವೆಯಾದ ವರ್ಷದ ಧ್ವನಿಯಲ್ಲಿ. ಬಾಷಾ ಭಾಯಿ ಮಾತಾಡಲಿಲ್ಲ. ಉಪ್ಪಿಟ್ಟಿನ ಬೆಲ್ಟನ್ನೇ ಮೇಜಿನ ಮೇಲೆ ಹಾಸಿ, ಬಕಲ್ಲಿನ ಮಡಿಕೆಯಿಂದ ಸವೆದ ತೂತಿನವರೆಗೆ ಟೇಪು ಹಿಡಿದರು. ನಲವತ್ತೂವರೆ. “ಹೋಲ್‌ಸ್ಟರನ್ನು ಪ್ಯಾಂಟಿನ ಒಳಗಡೆ ಸಿಕ್ಕಿಸುವುದಾದರೆ ಇನ್ನೆರಡು ಇಂಚು ಸೇರಿಸಬೇಕು” ಎಂದಾಗ ಶೆಟ್ಟರು ಹೊರಗಡೆಯೇ ಇರಲಿ ಎಂದರು. ಭದ್ರತೆಗಲ್ಲ, ಅಂಕಿ ಕೇಳಲಾಗದೆ.

ತೂತುಗಳ ಅಂತರದ ಮೇಲೂ ಅರ್ಧ ಗಂಟೆ ಹೋಯಿತು. ಮಾಮೂಲು ಬೆಲ್ಟಿನಲ್ಲಿ ಇಂಚಿಗೊಂದು ತೂತು. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ್ದು ಹೋಳಿಗೆ ಊಟದ ನಂತರ ಉಸಿರು ಕಟ್ಟಿಸುತ್ತದೆ. ಒಂದು ತೂತು ಸಡಿಲಿಸಿದರೆ ರಿವಾಲ್ವರ್ ಜೋಲುತ್ತದೆ. ಕೊನೆಗೆ ಅರ್ಧ ಇಂಚಿಗೊಂದರಂತೆ ಏಳು ತೂತು ಎಂದು ತೀರ್ಮಾನವಾಯಿತು. ಮೂರು ಬೆಳಗಿಗೆ, ಮೂರು ಮಧ್ಯಾಹ್ನಕ್ಕೆ, ಒಂದು ಯುಗಾದಿಗೆ.

ಬೆಲ್ಟು ಬಂದಾಗ ನಾವೆಲ್ಲ ಮುಟ್ಟಿ ನೋಡಿದೆವು. ಬಾಷಾ ಅದರ ಒಂದು ತುದಿಯನ್ನು ಹಿಡಿದು ಅಡ್ಡಕ್ಕೆ ಚಾಚಿದರೆ ಬಾಗದೆ ಹಲಗೆಯಂತೆ ನಿಂತಿತು. ಕಲ್ಲನ್ನು ತುಂಬಿ ಶೆಟ್ಟರು ಬಂಡೆ ಹತ್ತಿ ಇಳಿದರು. ಅಂಗಿ ಅಂಗಿಯ ಜಾಗದಲ್ಲಿ, ಪ್ಯಾಂಟು ಪ್ಯಾಂಟಿನ ಜಾಗದಲ್ಲಿ. ಒಂದೇ ಕೊರತೆ: ಹೊಸ ಚರ್ಮ ಹೆಜ್ಜೆಹೆಜ್ಜೆಗೂ ಹಳೇ ಎತ್ತಿನ ಗಾಡಿಯಂತೆ ಕಿರುಗುಟ್ಟುತ್ತಿತ್ತು. ಗುಟ್ಟಾಗಿ ಆಯುಧ ಹೊತ್ತವರು ಬರುವುದು ಇಡೀ ಲಾಲ್‌ಬಾಗಿಗೆ ಕೇಳಿಸುತ್ತಿತ್ತು. ತಿಂಗಳು ಕಟ್ಟಿದರೆ ಸುಮ್ಮನಾಗುತ್ತದೆ ಎಂದರು ಬಾಷಾ.

ತಿಂಗಳು ತುಂಬುವಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಪರವಾನಗಿ ಇದ್ದವರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂತು. ಶೆಟ್ಟರು ಒಪ್ಪಿಸಿದರು.

ಆ ಭಾನುವಾರವೂ ಅವರ ಬಲ ಸೊಂಟದಲ್ಲಿ ಉಬ್ಬಿತ್ತು. ಮೇಜರ್ ಗಾಬರಿಯಿಂದ, “ಕೊಟ್ಟಿಲ್ಲವೇ?” ಎಂದರು.

“ಕೊಟ್ಟೆ ಸ್ವಾಮೀ. ಆದರೆ ಒಂದು ಮಗ್ಗುಲು ಖಾಲಿಯಾದರೆ ನಡಿಗೆಯೇ ಸೊಟ್ಟಗಾಗುತ್ತದೆ” ಎಂದು ಶೆಟ್ಟರು ಅಂಗಿ ಸರಿಸಿ, ಹೋಲ್‌ಸ್ಟರಿನಿಂದ ಅರ್ಧ ಕಿಲೋ ಕಲ್ಲನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಠಾಣೆಯ ರಸೀದಿಯನ್ನು ಅದಕ್ಕೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು.