ಚಾಪ್ಲಿನ್ನನ ‘ಪೊಲೀಸ್’: 22 ನಿಮಿಷದ್ದೋ, 30ರದ್ದೋ?

ಗುಂಪು: ಫಿಲ್ಮ್ ಸೊಸೈಟಿ ಹಳೇ ಬಳಗ

ಸುರೇಶ: ಶನಿವಾರದ ಶೋಗೆ ನಾನೀಗ ಕಳಿಸಿದ ವಿಡಿಯೊ. ಚಾಪ್ಲಿನ್ನನ ಮೂಕಿ ಚಿತ್ರ ‘ಪೊಲೀಸ್’, 1916. ಜೈಲಿಂದ ಹೊರಬಿದ್ದವನ ಫಜೀತಿ. 22 ನಿಮಿಷ.

ವೀಣಾ: ಅದು ಕತ್ತರಿಸಿದ ಪ್ರಿಂಟ್ ಕಣೋ. ಪೂರ್ತಿ ಅಂದ್ರೆ 30 ನಿಮಿಷ, ಫೈಲ್ ಕಳಿಸ್ತೀನಿ.

ಮಂಜು: ಕತ್ತರಿ ಎಲ್ಲಿಂದ ಬಂತೇ? ಎರಡು ರೀಲು, ಹೆಚ್ಚುಕಮ್ಮಿ 2000 ಅಡಿ. ಅಡಿಗೆ 16 ಫ್ರೇಮ್, ಅಂದ್ರೆ ಬಿಡಿ ಚಿತ್ರ, ಒಟ್ಟು 32,000. ಸೆಕೆಂಡಿಗೆ 24 ಓಡಿಸಿದ್ರೆ 22 ನಿಮಿಷ, 18 ಓಡಿಸಿದ್ರೆ 30.

ಸುರೇಶ: ಹಂಗಾದ್ರೆ ಜೋರಾಗಿ ಓಡೋದೇ ಇರ್ಲಿ ಬಿಡು, ಕಾಮಿಡಿ ತಾನೇ.

ವೀಣಾ: ಏನ್ ಇರ್ಲಿ? ಕುಡುಕನ ವಾಚು ಜೋತಾಡ್ತಿದೆ. ಚಾರ್ಲಿಗೆ ಆಸೆ, ಆದ್ರೂ ಕೈ ಬಿಗಿಹಿಡೀತಾನೆ. ನೋಡಿದ್ರೆ ‘ಒಳ್ಳೇ ದಾರಿಗೆ ಬಾ’ ಅಂತ ಅಳಿಸಿದ ಬೋಧಕನೇ ಅದನ್ನ ಎಗರಿಸಿರ್ತಾನೆ! ಆ ತಡವರಿಕೆ ಕಾಣದೆ ಹೋದ್ರೆ ಜೋಕೆಲ್ಲಿ?

ಮಂಜು: ಸರಿ, ಆದ್ರೆ ಸೆಕೆಂಡಿಗೆ 16ಕ್ಕೆ ಇಳಿಸ್ಬೇಡಿ ಮಾರಾಯ್ರೇ. ಕ್ಯಾಮೆರಾ ಕೈಯಲ್ಲಿ ತಿರುಗಿಸ್ತಿದ್ರು. ಕಾಮಿಡಿಗೆ ಬೇಕಂತಲೇ ನಿಧಾನ ತಿರುಗಿಸಿ ತೆರೆ ಮೇಲೆ ಚುರುಕು ತರೋರು. ತೀರಾ ಇಳಿಸಿದ್ರೆ ಒದೆ ತಿಂದೋನು ನೀರೊಳಗೆ ಬಿದ್ದಂಗೆ ಕಾಣ್ತಾನೆ.
ಸುರೇಶ, ನಿನ್ನ ಫೈಲನ್ನ ವಿಎಲ್‌ಸಿ ಪ್ಲೇಯರಲ್ಲಿ 0.75 ವೇಗಕ್ಕಿಡು, 18 ಆಗುತ್ತೆ. ಸೌಂಡ್ ಮ್ಯೂಟ್ ಮಾಡು, ಪಿಯಾನೊ ಎಳೆದಾಡುತ್ತೆ. ವೀಣಾ ಫೈಲಿಗೆ ಮಾತ್ರ ಕೈ ಹಚ್ಬೇಡ, ಅದು 30 ನಿಮಿಷದ್ದು, ಆಗಲೇ ನಿಧಾನ ಮಾಡಿರ್ಬೇಕು. ‘ಇ’ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡು. ಮೂರು ಫ್ರೇಮಿಗೊಂದು ಎರಡೆರಡು ಸಲ ಬಂದ್ರೆ 18ರದ್ದನ್ನೇ ಹಿಗ್ಗಿಸಿ 24 ಮಾಡಿದ್ದಾರೆ ಅಂತ.

ಸುರೇಶ: ನನ್ನ ಫೈಲಲ್ಲಿ ಎಡಗಡೆ ನಿಂತೋರ ಅರ್ಧ ಮುಖಾನೇ ಇಲ್ವಲ್ಲ?

ಮಂಜು: ಆಮೇಲಿನವರು ಸೌಂಡ್ ಟ್ರ್ಯಾಕ್ ಸೇರಿಸಿ ಪ್ರಿಂಟ್ ತೆಗೆದಾಗ ಎಡಗಡೆ ಪಟ್ಟಿ ಅದಕ್ಕೇ ಹೋಯ್ತು. ಅದಕ್ಕೆ ಮದ್ದಿಲ್ಲ, ಬೇರೆ ಪ್ರಿಂಟೇ ಬೇಕು.

ಲತಾ: ಪೂರ್ತಿ ಅನ್ನೋ ಮಾತು ಬಂದಿದ್ದಕ್ಕೆ: ಹಾಡ್ತಿರೋ ಕುಡುಕನ ತಲೆಗೆ ಬಾಟ್ಲಿಲಿ ಕೊಡೋ ರಾತ್ರಿ ವಸತಿಯ ದೃಶ್ಯ ಯಾವ ಫೈಲಲ್ಲಿದೆ? ಅದು ಇದ್ರದ್ದೇ ಅಲ್ವಾ?

ವೀಣಾ: ಎರಡರಲ್ಲೂ ಇಲ್ಲ. ಚಾಪ್ಲಿನ್ ಬಿಟ್ಟು ಹೋದ್ಮೇಲೆ ಈ ಚಿತ್ರ ತೆಗೆದ ಎಸ್ಸನೆ ಕಂಪನಿ 1918ರಲ್ಲಿ ಉಳಿದ ತುಣುಕಿಗೆ ಹೊಸದನ್ನ ಅಂಟಿಸಿ ‘ಟ್ರಿಪಲ್ ಟ್ರಬಲ್’ ಅಂತ ಬಿಟ್ರು, ಅದ್ರಲ್ಲಿದೆ.

ಮಂಜು: ಆ ದೃಶ್ಯ ಚಾಪ್ಲಿನ್ ಮುಗಿಸದೇ ಬಿಟ್ಟ ‘ಲೈಫ್’ ಚಿತ್ರದ್ದು ಅಂತಾನೂ ಹೇಳ್ತಾರೆ ಲತಾ. ಇಲ್ಲಿ ಅಂಟಿಸಿ ‘ಪೂರ್ತಿ’ ಅನ್ನೋದು ಬೇಡ.

ಲತಾ: ಬೇಡ ಅಂದ್ರೆ? ಇದ್ರಲ್ಲೂ ವಸತಿ ಬಾಗಿಲಿದೆ. ಕ್ಷಯದೋನನ್ನ ಪುಕ್ಕಟೆ ಬಿಟ್ರು ಅಂತ ಚಾರ್ಲಿ ಕೆನ್ನೆ ಒಳಗೆಳ್ಕೊಂಡು ಕೆಮ್ಮೋದು ಅಲ್ಲೇ.

ಮಂಜು: ಬಾಗಿಲು ಒಂದೇ ಇರಬಹುದು, ಚಿತ್ರ ಒಂದೇ ಅಂತ ಆಗ್ಲಿಲ್ಲ.

ಸುರೇಶ: ಜಗಳ ಶೋ ಆದ್ಮೇಲೆ. ಶನಿವಾರ ವೀಣಾ ಫೈಲೇ. ಲತಾ, ನೀನು ಬಾಟ್ಲಿ ತುಣುಕನ್ನ ಬೇರೆ ಪೆನ್‌ಡ್ರೈವಲ್ಲಿ ತಾ.